ಎಡೆದೊರೆ ನಾಡಿನ ಅರಮನೆ ಕಥೆ: ಐತಿಹಾಸಿಕ ಧಾರಾವಾಹಿಯಲ್ಲಿ ಪ್ರಣಯವನ್ನೂ ಒಳಸಂಚನ್ನೂ ಹೆಣೆಯುವ ಸಮಗ್ರ ಮಾರ್ಗದರ್ಶಿ

ಅರಮನೆಯ ಪ್ರಣಯ ಬರೆಯಲು ಕೂತವರು ಮೊದಲು ಎದುರಿಗೆ ಹರಡಿಕೊಳ್ಳಬೇಕಾದದ್ದು ನಕಾಶೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು, ಮುದಗಲ್ಲು. ಶಾಸನಗಳು ಎಡೆದೊರೆ ಎಂದು ಕರೆದ ಈ ನೆಲಕ್ಕಾಗಿ ಬಹಮನಿಗಳು, ಅವರ ನಂತರ ಬಿಜಾಪುರದ ಆದಿಲಶಾಹಿಗಳು, ವಿಜಯನಗರದ ಅರಸರೊಡನೆ ಸುಮಾರು ಇನ್ನೂರು ವರ್ಷ ಹೊಡೆದಾಡಿದರು. ಇಂಥ ಕಡೆ ಅರಸನೊಬ್ಬ ಹೆಣ್ಣೊಬ್ಬಳನ್ನು ಬಯಸಿದರೆ ಎಲ್ಲೋ ಒಂದು ಕೋಟೆಯ ಅಗಳಿ ಸಡಿಲವಾಯಿತು ಎಂದೇ ಲೆಕ್ಕ.

ನಮ್ಮ ಧಾರಾವಾಹಿಗಳಲ್ಲಿ ಸಾಮಾನ್ಯವಾಗಿ ಲವ್ ಟ್ರ್ಯಾಕ್ ಒಂದು, ಸಂಚಿನ ಟ್ರ್ಯಾಕ್ ಇನ್ನೊಂದು. ತೋಟದಲ್ಲಿ ಜೋಡಿ ಹಾಡುತ್ತಿರುತ್ತದೆ, ಕಂಬದ ಹಿಂದೆ ಖಳ ಹಲ್ಲು ಕಡಿಯುತ್ತಿರುತ್ತಾನೆ. ಹತ್ತು ಎಪಿಸೋಡ್ ದಾಟುವಷ್ಟರಲ್ಲಿ ಎರಡೂ ಸೊರಗುತ್ತವೆ. ಈ ಮಾರ್ಗದರ್ಶಿಯ ಮೂಲ ಸೂತ್ರ ಒಂದೇ. ಪ್ರಣಯದ ಪ್ರತಿ ದೃಶ್ಯ ಮುಗಿಯುವಷ್ಟರಲ್ಲಿ ನೆಲ, ದಂಡು, ಹೊನ್ನು ಈ ಮೂರರಲ್ಲಿ ಒಂದಾದರೂ ಕೈ ಬದಲಿಸಬೇಕು, ಅಥವಾ ಬದಲಿಸುವ ಭಯ ಹುಟ್ಟಬೇಕು. ಸಂಚಿನ ಪ್ರತಿ ದೃಶ್ಯವೂ ಯಾರದೋ ಮದುವೆಯನ್ನು ಮುಟ್ಟಬೇಕು. ಉದಾಹರಣೆಗೆ ಉದ್ದಕ್ಕೂ ಮುದಗಲ್ಲಿನ ಅಕ್ಕಸಾಲಿಗನ ಮಗಳ ಪ್ರಸಂಗವನ್ನೇ ಇಟ್ಟುಕೊಳ್ಳೋಣ. ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗರು ಸ್ವಂತ ತಂಡ ಕಟ್ಟಿ ವೆಬ್ ಸರಣಿ ಮಾಡುವುದಾದರೆ ಇದಕ್ಕಿಂತ ಹತ್ತಿರದ ಕಥೆ ಸಿಗಲಾರದು.

ಮೊದಲ ಹಂತ: ತಿರುಳನ್ನು ಆರಿಸಿ, ಮೂಲವನ್ನು ಸೋಸಿ

ಕಥೆ ಪಾರಸಿ ಇತಿಹಾಸಕಾರ ಫೆರಿಶ್ತಾನದು. ಮುದಗಲ್ಲಿನ ಅಕ್ಕಸಾಲಿಗನೊಬ್ಬನಿಗೆ ಪೆರ್ತಾಳ್ ಎಂಬ ಚೆಲುವೆ ಮಗಳು. ಕಾಶಿಯಾತ್ರೆಯಿಂದ ಮರಳುವ ಬ್ರಾಹ್ಮಣನೊಬ್ಬ ಆ ಮನೆಯಲ್ಲಿ ತಂಗಿ ಅವಳಿಗೆ ಸಂಗೀತ ಕಲಿಸುತ್ತಾನೆ. ವಿಜಯನಗರಕ್ಕೆ ಹೋಗಿ ಅವಳ ರೂಪವನ್ನು ಅಲ್ಲಿನ ಅರಸ ಒಂದನೆಯ ದೇವರಾಯನ ಮುಂದೆ ಬಣ್ಣಿಸುತ್ತಾನೆ. ಅರಸ ಅವನ ಕೈಯಲ್ಲೇ ಉಡುಗೊರೆ ಕಳಿಸುತ್ತಾನೆ. ಹೆತ್ತವರು ಹಿಗ್ಗುತ್ತಾರೆ. ಅಂತಃಪುರ ಸೇರಿದವರು ಮತ್ತೆ ತಾಯಿತಂದೆಯ ಮುಖ ನೋಡುವಂತಿಲ್ಲ ಎಂದು ಹುಡುಗಿ ಒಲ್ಲೆ ಎನ್ನುತ್ತಾಳೆ. ಅರಸ 5,000 ಕುದುರೆಯ ದಂಡನ್ನು ತುಂಗಭದ್ರೆ ದಾಟಿಸುತ್ತಾನೆ. ದಂಡಿನ ಸುದ್ದಿ ಕೇಳಿ ಊರವರ ಜೊತೆ ಆ ಮನೆಯವರೂ ಓಡಿಹೋಗುತ್ತಾರೆ. ದಂಡು ಬರಿಗೈಯಲ್ಲಿ, ಸುತ್ತಲ ಹಳ್ಳಿಗಳನ್ನು ಸುಲಿದು ತಿರುಗುತ್ತದೆ. ಬಹಮನಿ ಅಧಿಕಾರಿ ಫೌಲಾದ್ ಖಾನ್ ಬೆನ್ನಟ್ಟುತ್ತಾನೆ. 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಹಾ ವಿಜಯನಗರದ ಮೇಲೆಯೇ ದಂಡೆತ್ತುತ್ತಾನೆ. ಒಪ್ಪಂದದಲ್ಲಿ ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟು, ಹತ್ತು ಲಕ್ಷ ಹೊನ್ನು, ಮುತ್ತು, ಐವತ್ತು ಆನೆ ತೆರುತ್ತಾನೆ. ಪೆರ್ತಾಳ್ ಸುಲ್ತಾನನ ಮಗ ಹಸನ್ ಖಾನನ ಮಡದಿಯಾಗುತ್ತಾಳೆ.

ಫೆರಿಶ್ತಾ ಇದನ್ನು ಬರೆದದ್ದು ಬಿಜಾಪುರದಲ್ಲಿ, ಘಟನೆ ನಡೆದು ಸುಮಾರು ಇನ್ನೂರು ವರ್ಷದ ಮೇಲೆ, ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ. ಸುಲ್ತಾನರ ಕಡೆಗಿನ ಒಲವು ಕಥೆಯಲ್ಲಿ ಕಾಣುತ್ತದೆ. ಅರಸನ ಮಗಳ ಮದುವೆ ನಡೆದದ್ದು ಹೌದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹಾಗೆಂದು ಕಥೆ ಬಿಡಬೇಕಿಲ್ಲ. ಬರೆಯುವ ಮುನ್ನ ಹಾಳೆಯಲ್ಲಿ ಮೂರು ಗೆರೆ ಎಳೆದು ವಿಂಗಡಿಸಿ: ಶಾಸನ, ನಾಣ್ಯ, ಕಟ್ಟಡ ಹೇಳುವುದು ಒಂದು ಕಡೆ, ಬಖೈರು (ಹಳೆಯ ವೃತ್ತಾಂತ), ಪ್ರವಾಸಿ ಬರಹ ಹೇಳುವುದು ಒಂದು ಕಡೆ, ನಿಮ್ಮ ಕಲ್ಪನೆ ಒಂದು ಕಡೆ. ಮೂರನೆಯದು ಮೊದಲನೆಯದನ್ನು ಎಲ್ಲೂ ಮುರಿಯಬಾರದು. ಎರಡನೆಯದನ್ನು ಮುರಿದರೆ ಯಾಕೆ ಮುರಿದೆವು ಎಂಬುದಕ್ಕೆ ಚಿತ್ರಕಥೆಯಲ್ಲೇ ಕಾರಣ ಇರಬೇಕು. ಪ್ರತಿ ಎಪಿಸೋಡಿನ ಮೊದಲ ತೆರೆಯಲ್ಲಿ 'ಫೆರಿಶ್ತಾನ ನಿರೂಪಣೆಯನ್ನು ಆಧರಿಸಿದ ಕಲ್ಪನೆ' ಎಂದು ಹಾಕಿದರೆ ಸಾಕು, ಉದ್ದುದ್ದ ಡಿಸ್‌ಕ್ಲೇಮರ್ ಯಾರೂ ಓದುವುದಿಲ್ಲ.

ಈ ಕಥೆಯನ್ನು ಎರಡು ಧರ್ಮಗಳ ಜಗಳವನ್ನಾಗಿ ಬರೆಯುವುದು ಬಲು ಸುಲಭ, ಬರೆದರೆ ಕಥೆ ಕೆಡುತ್ತದೆ. ದಂಡು ತುಂಗಭದ್ರೆ ದಾಟಿ ಬಂದರೂ ಕೃಷ್ಣೆ ದಾಟಿ ಬಂದರೂ ಸುಲಿಗೆಯಾದದ್ದು ಇದೇ ಎಡೆದೊರೆಯ ರೈತನ ಕಣ. ಅಪಾಯ ಎಲ್ಲಿಂದ ಎಂಬುದನ್ನು ಅವನ ಅಂಗಳದಲ್ಲಿ ನಿಂತು ನೋಡಿ.

ಎರಡನೆಯ ಹಂತ: ಆ ವರ್ಷ ಬೇರೆ ಏನಾಗುತ್ತಿತ್ತು?

ಚಿತ್ರಕಥೆಗೆ ಜೀವ ಬರುವುದು ಇಲ್ಲಿ, ಆದ್ದರಿಂದ ಇಲ್ಲಿ ಅವಸರ ಬೇಡ. ಎರಡನೆಯ ಹರಿಹರ ತೀರಿಕೊಂಡದ್ದು 1404ರಲ್ಲಿ. ಮಕ್ಕಳಲ್ಲಿ ಸಿಂಹಾಸನದ ಪೈಪೋಟಿ ಎದ್ದಿತು. ವಿರೂಪಾಕ್ಷ ಕೆಲಕಾಲ ಕೂತ, ಇಮ್ಮಡಿ ಬುಕ್ಕ ಕೆಲಕಾಲ ಕೂತ. ಕೊನೆಗೆ 1406ರಲ್ಲಿ ದೇವರಾಯ ಪಟ್ಟಕ್ಕೆ ಬಂದ. ಅಣ್ಣತಮ್ಮಂದಿರ ಪಕ್ಷ ಹಿಡಿದ ದಂಡನಾಯಕರು ಇನ್ನೂ ಅದೇ ಸಭೆಯಲ್ಲಿ ಕೂತಿದ್ದಾರೆ. ಅಂಥ ವರ್ಷದಲ್ಲಿ, ಕುರ್ಚಿ ಇನ್ನೂ ಬೆಚ್ಚಗಾಗದ ಅರಸ, ಶತ್ರುವಿನ ಕೈಯಲ್ಲಿರುವ ಊರಿನ ಅಕ್ಕಸಾಲಿಗನ ಮಗಳಿಗಾಗಿ ದಂಡು ಕಳಿಸುವುದೇ?

ಈ ಪ್ರಶ್ನೆಯೇ ನಿಮ್ಮ ಧಾರಾವಾಹಿ. ಅರಸನಿಗೆ ಹುಡುಗಿ ಬೇಕಿತ್ತೋ, ಮುದಗಲ್ಲು ಬೇಕಿತ್ತೋ? ಮಂತ್ರಿಗಳಿಗೆ ಹೊಸ ಅರಸನ ಮೊದಲ ಗೆಲುವು ಬೇಕಿತ್ತೋ, ಮೊದಲ ಸೋಲು ಬೇಕಿತ್ತೋ? ಬ್ರಾಹ್ಮಣ ತಾನಾಗಿಯೇ ಬಣ್ಣಿಸಿದನೋ, ಯಾರಾದರೂ ಹೇಳಿಕೊಟ್ಟರೋ? ಉತ್ತರಗಳನ್ನು ಬರೆಯುವವರು ಮೊದಲೇ ನಿರ್ಧರಿಸಿರಬೇಕು, ನೋಡುಗರಿಗೆ ಒಂದೊಂದಾಗಿ ಕೊಡಬೇಕು.

ಆಚೆ ದಡದ ಲೆಕ್ಕವೂ ಬೇಕು. ಫಿರೋಜ್ ಶಹಾ 1397ರಿಂದ ಕಲಬುರಗಿಯಲ್ಲಿ ಆಳುತ್ತಿದ್ದವ. ಹಲವು ಭಾಷೆ ಬಲ್ಲವ, ಆಕಾಶಕಾಯಗಳ ಹುಚ್ಚಿನವ. ದೌಲತಾಬಾದಿನಲ್ಲಿ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಇತ್ತ ದೇವರಾಯನ ಕಾಲದಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಹಾಕಿ ನಗರಕ್ಕೆ ನೀರು ತಂದರೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್‌ನ ಬರಹದಿಂದ ಇತಿಹಾಸಕಾರರು ಗುರುತಿಸುತ್ತಾರೆ. ಒಬ್ಬ ನಕ್ಷತ್ರ ನೋಡುವವ, ಒಬ್ಬ ನೀರು ನೋಡುವವ. ಇಬ್ಬರು ಜಾಣರ ನಡುವಿನ ಸಂಧಾನ ಬರೆಯಲು ಇದಕ್ಕಿಂತ ಒಳ್ಳೆಯ ಆಸರೆ ಬೇಡ. ಒಬ್ಬನನ್ನು ಕಾಮುಕ, ಇನ್ನೊಬ್ಬನನ್ನು ಕ್ರೂರಿ ಮಾಡಿ ಮುಗಿಸಿಬಿಟ್ಟರೆ ಈ ಸಾಮಗ್ರಿ ಎಲ್ಲ ಕಸಕ್ಕೆ ಹೋಗುತ್ತದೆ.

ಮೂರನೆಯ ಹಂತ: ಯಾರಿಗೆ ಏನು ಲಾಭ

ಪ್ರತಿ ಪಾತ್ರಕ್ಕೂ ಒಂದು ಸಾಲು: ಈ ಮದುವೆ ಆದರೆ ಇವರಿಗೆ ಏನು ಸಿಗುತ್ತದೆ, ಆಗದಿದ್ದರೆ ಏನು ಹೋಗುತ್ತದೆ. ಪಟ್ಟದರಸಿಗೆ ಮಗನ ಪಟ್ಟ. ಮಹಾಪ್ರಧಾನನಿಗೆ ಅರಸನ ಕಿವಿ. ಗಡಿಯ ದಂಡನಾಯಕನಿಗೆ ಮುದಗಲ್ಲಿನ ಉಸ್ತುವಾರಿ. ಅಕ್ಕಸಾಲಿಗನಿಗೆ ಅರಮನೆಯ ಬಂಗಾರದ ಕೆಲಸ. (ಹಟ್ಟಿಯ ಚಿನ್ನದ ಗಣಿ ಮುದಗಲ್ಲಿನ ತಾಲೂಕಿನಲ್ಲೇ ಇದೆ, ಅಲ್ಲಿನ ಹಳೆಯ ಅಗೆತಗಳು ಬಹಳ ಪ್ರಾಚೀನ. ಈ ಮನೆಯವರು ಬಂಗಾರವನ್ನು ಮಣ್ಣಿನಿಂದ ಬಲ್ಲವರು ಎಂಬ ಎಳೆ ಚೆನ್ನಾಗಿ ಕೂರುತ್ತದೆ.) ಎರಡೂ ಕಡೆ ಖಾಲಿ ಉಳಿದ ಪಾತ್ರವಿದ್ದರೆ ತೆಗೆದುಹಾಕಿ. ಹನ್ನೆರಡು ಮುಖ್ಯ ಪಾತ್ರ ದಾಟಿದರೆ ನೋಡುಗರಿಗೆ ಹೆಸರು ನೆನಪಿರುವುದಿಲ್ಲ, ಅದರಲ್ಲೂ ದೇವರಾಯ, ಹರಿಹರ, ಬುಕ್ಕ ಎಂಬ ಹೆಸರುಗಳೇ ತಲೆಮಾರಿಗೊಮ್ಮೆ ಮರಳಿ ಬರುವ ವಂಶದಲ್ಲಿ.

ನಾಲ್ಕನೆಯ ಹಂತ: ಪ್ರಣಯದ ಮೆಟ್ಟಿಲುಗಳು

ಇಲ್ಲಿ ಅರಸನೂ ಹುಡುಗಿಯೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಇದನ್ನು ದೋಷವೆಂದು ಬಗೆದು ಅನೇಕರು ಕನಸಿನ ಹಾಡೊಂದನ್ನು ತುರುಕುತ್ತಾರೆ. ಬೇಡ. ಅರಸ ಪ್ರೀತಿಸಿದ್ದು ಒಂದು ವರ್ಣನೆಯನ್ನು. ಆ ವರ್ಣನೆ ಬಾಯಿಂದ ಬಾಯಿಗೆ ಬದಲಾಗುವುದೇ ಚಂದ. ಬ್ರಾಹ್ಮಣ ಹೇಳಿದ ಪೆರ್ತಾಳ್, ಅರಸ ಕಲ್ಪಿಸಿದ ಪೆರ್ತಾಳ್, ಗೂಢಚಾರ ವರದಿ ಮಾಡಿದ ಪೆರ್ತಾಳ್, ಕುಲುಮೆಯ ಮುಂದೆ ತಿದಿ ಒತ್ತುವ ನಿಜವಾದ ಪೆರ್ತಾಳ್. ನಾಲ್ಕನ್ನೂ ಒಬ್ಬಳೇ ನಟಿ ಮಾಡಲಿ, ಬೆಳಕು ಮಾತ್ರ ಬೇರೆಯಾಗಲಿ.

ಮೆಟ್ಟಿಲುಗಳನ್ನು ಹೀಗೆ ಇಡಿ: ಸುದ್ದಿ, ವಿಚಾರಣೆ, ಉಡುಗೊರೆ, ಹೆತ್ತವರ ಒಪ್ಪಿಗೆ, ಹುಡುಗಿಯ ನಿರಾಕರಣೆ, ಅವಮಾನ, ದಂಡು. ಉಡುಗೊರೆಯ ಸರ ಕೊರಳಿಗೆ ಬಿದ್ದರೆ ಮಾತು ಪಕ್ಕಾ, ಆಮೇಲೆ ಹಿಂದೆಗೆಯುವಂತಿಲ್ಲ ಎಂಬ ನಿಯಮವನ್ನು ಎರಡು ಎಪಿಸೋಡ್ ಮೊದಲೇ ಬೇರೆ ಯಾರದೋ ಮದುವೆಯಲ್ಲಿ ತೋರಿಸಿಡಿ. ಆಗ ನಿರಾಕರಣೆಯ ದೃಶ್ಯದಲ್ಲಿ ವಿವರಣೆ ಬೇಕಾಗುವುದಿಲ್ಲ. ಬ್ರಾಹ್ಮಣನ ಕೈ ಚಾಚುತ್ತದೆ, ಅವಳ ಕುತ್ತಿಗೆ ಹಿಂದೆ ಸರಿಯುತ್ತದೆ, ಅಷ್ಟರಲ್ಲೇ ನೋಡುಗರ ಎದೆ ಧಸಕ್ಕೆನ್ನಬೇಕು. ಇಡೀ ಸರಣಿಯ ತಿರುವು ಅದು. ಹಿನ್ನೆಲೆ ಸಂಗೀತ ನಿಲ್ಲಿಸಿ, ತಿದಿಯ ಉಸಿರು ಮಾತ್ರ ಕೇಳಿಸಿ. ಕ್ಯಾಮೆರಾ ಅವಳ ಮುಖಕ್ಕಿಂತ ಅಪ್ಪನ ಮುಖದ ಮೇಲೆ ಹೆಚ್ಚು ಹೊತ್ತು ಇರಲಿ, ಯಾಕೆಂದರೆ ಕಳೆದುಕೊಂಡದ್ದು ಏನೆಂದು ಆ ಕ್ಷಣಕ್ಕೆ ಗೊತ್ತಿರುವುದು ಅವನಿಗೆ.

ಎರಡನೆಯ ಮದುವೆ, ಅಂದರೆ ಅರಸನ ಮಗಳದು, ಇದರ ಪ್ರತಿಬಿಂಬವಾಗಿ ಬರಲಿ. ಅಕ್ಕಸಾಲಿಗನ ಮಗಳಿಗೆ ಒಲ್ಲೆ ಎನ್ನಲು ಬಾಯಿ ಇತ್ತು, ಅರಸುಮಗಳಿಗೆ ಇಲ್ಲ. ನಗರದ ಬಾಗಿಲಿನಿಂದ ಅರಮನೆಯವರೆಗೆ ಆರು ಮೈಲಿ ದಾರಿಗೆ ಜರತಾರಿ, ಮಖಮಲ್ಲು ಹಾಸಿದ್ದರು ಎಂದು ಫೆರಿಶ್ತಾ ಬರೆಯುತ್ತಾನೆ. ಆರು ಮೈಲಿ ಹಾಸಲು ಯಾವ ನಿರ್ಮಾಪಕನಿಂದಲೂ ಆಗದು. 20 ಮೀಟರ್ ಬಟ್ಟೆ ಸಾಕು: ಕುದುರೆಯ ಗೊರಸು ಬಟ್ಟೆಯ ಮೇಲೆ ಬೀಳುವ ಕ್ಲೋಸಪ್, ಮೆರವಣಿಗೆ ದಾಟಿದ ಮೇಲೆ ಬಟ್ಟೆ ಸುತ್ತಿಕೊಂಡು ಮುಂದಕ್ಕೆ ಓಡುವ ಆಳುಗಳು, ಸಂಜೆ ಕೆಸರಾದ ಅಂಚನ್ನು ಒಗೆಯುವ ಅಗಸರು. ಮೂರು ಶಾಟ್‌ಗಳಲ್ಲಿ ಆರು ಮೈಲಿ ಕಾಣುತ್ತದೆ.

ಬೀಳ್ಕೊಡುಗೆಯನ್ನು ಮರೆಯಬೇಡಿ. ಅಳಿಯನನ್ನು ಡೇರೆಯವರೆಗೆ ಬಿಡದೆ ದೇವರಾಯ ನಡುದಾರಿಯಲ್ಲೇ ತಿರುಗಿದ್ದಕ್ಕೆ ಫಿರೋಜ್ ಮುನಿದನಂತೆ, ಸೇಡಿನ ಮಾತಾಡಿದನಂತೆ, ಆ ಮಾತು ಅರಸನ ಕಿವಿಗೂ ಬಿತ್ತಂತೆ. ಸಂಧಾನದ ಮದುವೆ ಆದ ದಿನವೇ ಮುಂದಿನ ಯುದ್ಧ ಹುಟ್ಟಿತು. ಇದು ನಿಮ್ಮ ಮೊದಲ ಸೀಸನ್ನಿನ ಕೊನೆಯ ದೃಶ್ಯ.

ಐದನೆಯ ಹಂತ: ಒಳಸಂಚಿನ ಯಂತ್ರ

ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಅಡ್ಡಕ್ಕೆ ಎಪಿಸೋಡ್ ಸಂಖ್ಯೆ, ಉದ್ದಕ್ಕೆ ಪಾತ್ರಗಳ ಹೆಸರು ಬರೆಯಿರಿ. ಪ್ರತಿ ಗುಟ್ಟಿಗೂ ಒಂದು ಬಣ್ಣ. ಯಾರಿಗೆ ಯಾವ ಎಪಿಸೋಡಿನಲ್ಲಿ ಗೊತ್ತಾಯಿತು, ಯಾರಿಗೆ ಅನುಮಾನ ಬಂತು, ಯಾರಿಗೆ ತಪ್ಪಾಗಿ ಗೊತ್ತಾಯಿತು ಎಂದು ಗುರುತಿಸಿ. ತಪ್ಪಾಗಿ ತಿಳಿದವರೇ ಸಂಚಿನ ಚಕ್ರ ತಿರುಗಿಸುವವರು. ಮೂರು ಜನಕ್ಕೆ ಗೊತ್ತಾದ ಗುಟ್ಟು ಐದು ಎಪಿಸೋಡಿಗಿಂತ ಹೆಚ್ಚು ಉಳಿದರೆ ನೋಡುಗರು ನಂಬುವುದಿಲ್ಲ. ಈ ಹಾಳೆ ಇಲ್ಲದೆ ಶೂಟಿಂಗಿಗೆ ಹೋದ ತಂಡಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಹತ್ತನೆಯ ಎಪಿಸೋಡಿನಲ್ಲಿ ಸತ್ಯ ತಿಳಿದ ರಾಣಿ ಹದಿನೈದನೆಯದರಲ್ಲಿ ಅದೇ ಸತ್ಯಕ್ಕೆ ಮತ್ತೆ ಬೆಚ್ಚಿಬೀಳುತ್ತಾಳೆ.

ಕಂಬದ ಮರೆಯಲ್ಲಿ ಕದ್ದು ಕೇಳುವುದನ್ನು ಇಡೀ ಸರಣಿಯಲ್ಲಿ ಒಂದು ಸಲಕ್ಕೆ ಮಿತಿಗೊಳಿಸಿ. ನಾಲ್ಕೂ ಕಡೆ ತೆರೆದ ಮಂಟಪದಲ್ಲಿ ಯಾವ ಮಂತ್ರಿಯೂ ಗುಟ್ಟು ಮಾತಾಡುವುದಿಲ್ಲ. ಗುಟ್ಟಿನ ಮಾತಿಗೆ ಗದ್ದಲವಿರುವ ಜಾಗ ಹುಡುಕಿ: ಆನೆಲಾಯ, ನದಿ ನಡುವಿನ ಹರಿಗೋಲು, ನಗಾರಿ ಬಡಿಯುವ ಹಬ್ಬ. ಎರಡನೆಯ ದೇವರಾಯನ ಕೊಲೆಯತ್ನವನ್ನು ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದದ್ದು ಹೀಗೇ. 1443ರ ಸುಮಾರಿಗೆ ಅರಸನ ತಮ್ಮ ಹೊಸ ಮನೆ ಕಟ್ಟಿಸಿ ದೊಡ್ಡವರನ್ನೆಲ್ಲ ಔತಣಕ್ಕೆ ಕರೆದ, ತಮಟೆ ಕಹಳೆಗಳ ಅಬ್ಬರದಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಸಿ ಕೊಲ್ಲಿಸಿದ, ನಂತರ ಅರಸನಿಗೇ ಇರಿದ. ಅರಸ ಬದುಕಿಕೊಂಡ. ಔತಣದ ಎಲೆಗಳ ಮುಂದೆ ಒಂದೊಂದೇ ಜಾಗ ಖಾಲಿಯಾಗುತ್ತ ಹೋಗುವುದನ್ನು ತೋರಿಸಿದರೆ ಒಂದು ಹನಿ ರಕ್ತವೂ ಬೇಡ.

ಸುದ್ದಿ ಹರಿಯುವ ಕಾಲುವೆಗಳು ಯಾವುವು? ಅಡಪದವ, ಅಂದರೆ ಅರಸನಿಗೆ ವೀಳ್ಯ ಮಡಿಸಿಕೊಡುವವ, ಎಲ್ಲ ಸಭೆಯಲ್ಲೂ ಕೈಯಳತೆಯಲ್ಲಿರುತ್ತಾನೆ. ರಾಯಸದವ, ಅಂದರೆ ಅರಸನ ಪತ್ರ ಬರೆಯುವವ, ಎಲ್ಲ ಓಲೆ ಓದಿರುತ್ತಾನೆ. ಹೂ ಮಾರುವವಳು ಅಂತಃಪುರದ ಹೊರಬಾಗಿಲಿಗೂ ಒಳಬಾಗಿಲಿಗೂ ಹೋಗುತ್ತಾಳೆ. ಹದಿನಾರನೆಯ ಶತಮಾನದ ಅರಮನೆಯಲ್ಲಿ ಲೆಕ್ಕ ಬರೆಯುವ ಹೆಂಗಸರು, ಜ್ಯೋತಿಷ್ಯ ಹೇಳುವ ಹೆಂಗಸರು, ಕುಸ್ತಿ ಆಡುವ ಹೆಂಗಸರು ಕೂಡ ಇದ್ದರೆಂದು ನ್ಯೂನಿಜ್ ಪಟ್ಟಿ ಕೊಡುತ್ತಾನೆ. ಒಡವೆ ಹಾಕಿಕೊಂಡು ಅಳುವ ರಾಣಿ, ವಿಷ ಬೆರೆಸುವ ಸವತಿ ಇವರಿಬ್ಬರನ್ನೇ ನೆಚ್ಚಿದವರಿಗೆ ಈ ಪಟ್ಟಿ ಹೊಸ ಪಾತ್ರಗಳ ಕಣಜ.

ಓಲೆಯ ಬಗ್ಗೆ ಒಂದು ಬಲವಾದ ಸಾಧನ ಇದೆ. ಇಲ್ಲಿ ಬರೆಯುವ ರೀತಿ ಎರಡು ಎಂದು ರಜಾಕ್ ಗಮನಿಸಿದ್ದ: ತಾಳೆಗರಿಯ ಮೇಲೆ ಕಬ್ಬಿಣದ ಮೊನೆಕಡ್ಡಿಯಿಂದ ಕೊರೆಯುವುದು, ಕಪ್ಪು ಬಳಿದ ಹಾಳೆಯ ಮೇಲೆ ಮೆದುಗಲ್ಲಿನ ಬಳಪದಿಂದ ಬಿಳಿಯಾಗಿ ಬರೆಯುವುದು. ಎರಡನೆಯದು ನಮ್ಮ ಕಡತ. ಕಡತದ ಬರಹವನ್ನು ಒರೆಸಿ ತಿದ್ದಬಹುದು, ತಾಳೆಗರಿಯದನ್ನು ಆಗದು. ಇಷ್ಟರಿಂದಲೇ ಒಂದು ನಕಲಿ ಆಜ್ಞೆಯ ಸಂಚು ಕಟ್ಟಬಹುದು. ವಿಜಯನಗರದ ಮೊದಲ ವಂಶವಾದ ಸಂಗಮ ಅರಸರ ದಾನಪತ್ರಗಳ ಕೊನೆಯಲ್ಲಿ ಕನ್ನಡ ಲಿಪಿಯ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ (ಅರಸನ ಸಹಿ) ಇರುತ್ತದೆ. ಮೇಲಿನ ಸಾಲು ಒರೆಸಿ ಒಪ್ಪ ಉಳಿಸಿಕೊಂಡವನ ಕೈಯಲ್ಲಿ ದಂಡು ಹೊರಡಿಸುವ ಶಕ್ತಿ ಇದೆ. ತೆರೆಗೆ ಕಡತ ತಯಾರಿಸುವುದು ಕಷ್ಟವಲ್ಲ. ಒಂದು ಮೀಟರ್ ದಪ್ಪ ಖಾದಿಗೆ 100 ಗ್ರಾಂ ಹುಣಸೆಬೀಜದ ಹಿಟ್ಟನ್ನು ಒಂದು ಲೀಟರ್ ನೀರಿನಲ್ಲಿ ಗಂಜಿಯಂತೆ ಕುದಿಸಿ, 50 ಗ್ರಾಂ ನಯವಾದ ಇದ್ದಿಲ ಪುಡಿ ಕಲಸಿ, ಎರಡೂ ಬದಿಗೆ ಮೂರ್ನಾಲ್ಕು ಸಲ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಗಂಜಿ ತೆಳುವಾದರೆ ಕಪ್ಪು ನಟರ ಬಟ್ಟೆಗೆ ಮೆತ್ತುತ್ತದೆ. ಒಣಗಿದ ಮೇಲೆ ಪುಸ್ತಕದಂತೆ ಮಡಚಿ ಭಾರ ಇಡಿ. ಎದುರಾಳಿ ಕಡೆಯ ಪಾರಸಿ ಪತ್ರಕ್ಕೆ ಕೈಕಾಗದ, ಬೊರುಕಡ್ಡಿ (ಜೊಂಡಿನ ಕಡ್ಡಿ) ಲೇಖನಿ.

ಈ ನೆಲದ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ತಂತ್ರವನ್ನೂ ಬಳಸಿಕೊಳ್ಳಿ: ಸುಳ್ಳು ಸಾಕ್ಷಿ ತೋರಿಸಿ ಜೀವ ಉಳಿಸುವ ಮಂತ್ರಿ. ಗಂಗಾವತಿ ಬಳಿಯ ಕುಮ್ಮಟದುರ್ಗದ ಕುಮಾರರಾಮನನ್ನು ಮಲತಾಯಿ ರತ್ನಾಜಿ ಮೋಹಿಸಿ, ಒಲ್ಲೆನೆಂದಾಗ ದೂರು ಹೊರಿಸಿದಳು. ತಂದೆ ಕಂಪಿಲರಾಯ ತಲೆ ತೆಗೆಯಲು ಹೇಳಿದ. ಮಂತ್ರಿ ಬೈಚಪ್ಪ ಕುಮಾರರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸಿದ. ನ್ಯೂನಿಜ್ ಹೇಳುವಂತೆ ವೀರನರಸಿಂಹ ಸಾಯುವಾಗ ಎಂಟು ವರ್ಷದ ಮಗನಿಗೆ ಪಟ್ಟ ಉಳಿಸಲು ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಲು ಆಜ್ಞೆ ಮಾಡಿದ, ಸಾಳುವ ತಿಮ್ಮ ಆಡಿನ ಕಣ್ಣು ತಂದು ತೋರಿಸಿದ. ಅರಸ ತಾನು ನೋಡಬೇಕೆಂದುಕೊಂಡದ್ದನ್ನೇ ನೋಡುತ್ತಾನೆ ಎಂಬುದು ಎರಡರ ಒಳತಿರುಳು. ನಿಮ್ಮ ಸರಣಿಯಲ್ಲಿ ಆ ಮಂತ್ರಿ ಯಾರು, ಅವನು ಬಚ್ಚಿಟ್ಟದ್ದು ಯಾರನ್ನು ಎಂದು ಕೇಳಿಕೊಳ್ಳಿ.

ಆರನೆಯ ಹಂತ: ಮಾತು

ಎಲ್ಲರೂ ಒಂದೇ ಗ್ರಾಂಥಿಕ ಕನ್ನಡ ಆಡಿದರೆ ಸಭೆಯೂ ಕುಲುಮೆಯೂ ಒಂದೇ ಆಗುತ್ತದೆ. ಸಭೆಗೆ ಗ್ರಾಂಥಿಕ ಇರಲಿ, ಆದರೆ ವಾಕ್ಯ ಗಿಡ್ಡವಾಗಿರಲಿ. ಮುದಗಲ್ಲಿನ ಮನೆಗೆ ಇಲ್ಲಿನದೇ ಮಾತು. ಆರುನೂರು ವರ್ಷದ ಹಿಂದೆ ಈಗಿನ ರಾಯಚೂರು ಮಾತು ಇರಲಿಲ್ಲ ನಿಜ, ಆದರೆ ಮೈಸೂರಿನ ಮಾತಂತೂ ಇರಲಿಲ್ಲ. 'ತಾಯೇ, ನಾನು ಈ ಸಂಬಂಧವನ್ನು ನಿರಾಕರಿಸುತ್ತೇನೆ' ಎಂದು ಅಕ್ಕಸಾಲಿಗನ ಮಗಳ ಬಾಯಲ್ಲಿ ಹೇಳಿಸಬೇಡಿ. 'ಅಲ್ಲಿ ಹೋದ ಮ್ಯಾಲ ನಿಮ್ಮ ಮಾರಿ ಕಾಣೂದಿಲ್ಲಂತ. ಅಂಥಾ ಬಂಗಾರ ನನಗ ಯಾಕಬೇಕವ್ವಾ?' ಎಂದಾಗ ಲಿಂಗಸೂಗೂರಿನ ಅಜ್ಜಿಗೂ ಗಂಟಲು ಕಟ್ಟುತ್ತದೆ. ಬಹಮನಿ ಕಡೆಯ ಸಿಪಾಯಿಗಳು ನಡುನಡುವೆ ದಖನಿ ಉರ್ದು ಸೇರಿಸಿ ಆಡಲಿ. ರಾಯಚೂರಿನಲ್ಲಿ ಇವತ್ತಿಗೂ ಆ ಮಾತಿನ ನಟರು ಸಿಗುತ್ತಾರೆ.

ಬಿರುದುಗಳನ್ನು ಹೊಗಳುಭಟರ ಬಾಯಿಗೆ ಮಾತ್ರ ಬಿಡಿ. ಸಂಗಮ ಅರಸರ ಬಿರುದುಗಳಲ್ಲಿ 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬುದೊಂದಿದೆ. ಕೊಟ್ಟ ಮಾತಿನ ಮೇಲೆಯೇ ಮುರಿದುಬೀಳುವ ಸಂಧಾನದ ಕಥೆಯಲ್ಲಿ ಇದನ್ನು ಮೂರು ಸಲ ಕೂಗಿಸಿ: ಪಟ್ಟಾಭಿಷೇಕದಲ್ಲಿ, ದಂಡು ಹೊರಡುವಾಗ, ಮಗಳ ಧಾರೆಯಲ್ಲಿ. ಮೂರನೆಯ ಸಲ ಅರಸ ತಲೆ ಎತ್ತಬಾರದು.

ಹಾಡಿಗೆ ಕಾಲ ನೋಡಿ. 1406ರಲ್ಲಿ ಪುರಂದರದಾಸರು ಹುಟ್ಟಿಲ್ಲ. ಪಂಪ, ರನ್ನ, ವಚನಗಳು, ಹರಿಹರ, ರಾಘವಾಂಕ ಧಾರಾಳವಾಗಿ ಬರಬಹುದು. ಪಿಟೀಲು, ಹಾರ್ಮೋನಿಯಂ ತೆರೆಯ ಮೇಲೆ ಕಾಣಬಾರದು. 24 ಮೆಟ್ಟಿನ ಈಗಿನ ವೀಣೆಯೂ ನಂತರದ್ದು. ಪೆರ್ತಾಳ್ ಕೈಗೆ ಹಳೆಯ ತಂತಿವಾದ್ಯ ಕಿನ್ನರಿ ಕೊಡಿ.

ಏಳನೆಯ ಹಂತ: ತೆರೆಯ ಮೇಲೆ ಸುಳ್ಳು ಹೇಳುವ ವಸ್ತುಗಳು

ನಮ್ಮ ಜಿಲ್ಲೆಗಳಲ್ಲಿ ಕ್ಯಾಮೆರಾ ಎಲ್ಲಿಟ್ಟರೂ ಮೊದಲು ಸಿಗುವುದು ಬಳ್ಳಾರಿ ಜಾಲಿ. ಹೆಸರು ನಮ್ಮದಾದರೂ ಗಿಡ ಅಮೆರಿಕ ಖಂಡದ್ದು, ಬಂದದ್ದು 19ನೆಯ ಶತಮಾನದಲ್ಲಿ. ಪಾಪಾಸುಕಳ್ಳಿ, ಕತ್ತಾಳೆ, ಲಂಟಾನಾ ಕೂಡ ಅಲ್ಲಿಂದಲೇ. ಗುಲ್‌ಮೊಹರ್ ಮಡಗಾಸ್ಕರಿನದು, ನೀಲಗಿರಿ ಆಸ್ಟ್ರೇಲಿಯದ್ದು. ಹಿನ್ನೆಲೆಗೆ ಬೇವು, ಹುಣಸೆ, ಆಲ, ಅತ್ತಿ, ಕರಿಜಾಲಿ, ಈಚಲು ಇರುವ ಜಾಗ ಹುಡುಕಿ. ಮಂಟಪಕ್ಕೆ ಚೆಂಡುಹೂ ಕಟ್ಟುವುದು ಎಲ್ಲ ಸೆಟ್ಟಿನಲ್ಲೂ ನಡೆಯುವ ತಪ್ಪು. ಅದು ಮೆಕ್ಸಿಕೊದ ಹೂ. ಮಲ್ಲಿಗೆ, ಸಂಪಿಗೆ, ಕೇದಗೆ, ತಾವರೆ, ಕಣಗಿಲೆ, ದವನ ಬಳಸಿ. ಊಟದಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ, ಮೆಕ್ಕೆಜೋಳ, ಪಪ್ಪಾಯಿ, ಪೇರಲ ಇರಕೂಡದು. ಕರಿಮೆಣಸು, ಎಳ್ಳು, ಗುರೆಳ್ಳು, ಜೋಳದ ರೊಟ್ಟಿ, ಬದನೆ, ಬೆಲ್ಲ ಇರಲಿ.

ಹೊನ್ನಿನ ತೂಕ ಲೆಕ್ಕ ಹಾಕಿ. ಒಂದು ವರಹ ಸುಮಾರು 3.4 ಗ್ರಾಂ. ಹತ್ತು ಲಕ್ಷ ವರಹ ಎಂದರೆ 3,400 ಕಿಲೊ, ಎತ್ತಿಗೊಂದು ಕ್ವಿಂಟಾಲ್ ಹೇರಿದರೂ 34 ಎತ್ತು. ಒಬ್ಬ ಆಳು ಒಂದು ಪೆಟ್ಟಿಗೆ ತಂದು ಸುಲ್ತಾನನ ಕಾಲಬಳಿ ಇಡುವ ದೃಶ್ಯ ನಗೆಪಾಟಲು. ಹೇರೆತ್ತುಗಳ ಸಾಲು, ತಕ್ಕಡಿ ಹಿಡಿದು ಎರಡು ಹಗಲು ತೂಗುವ ಲೆಕ್ಕಿಗರು, ತೂಕ ಮುಗಿಯುವತನಕ ಊಟಕ್ಕೇಳದ ಎರಡೂ ಕಡೆಯ ಮಂತ್ರಿಗಳು: ಸೋಲಿನ ಭಾರ ಹೀಗೆ ಕಾಣಿಸಬೇಕು.

ಅರಸನ ಕುಳ್ಳಾಯಿ (ಎತ್ತರದ ಟೊಪ್ಪಿಗೆ), ಕಬಾಯಿ (ನಿಲುವಂಗಿ) ಇವುಗಳ ಒಳ್ಳೆಯ ವರ್ಣನೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್‌ನದು. ಅದನ್ನು ಕೃಷ್ಣದೇವರಾಯನ ಕಥೆಗೆ ಇಟ್ಟುಕೊಳ್ಳಿ. 1406ರಲ್ಲಿ ಎಲ್ಲ ತಲೆಗೂ ಕುಳ್ಳಾಯಿ ಬೇಡ. ಉಡುಪು, ಕೇಶಶೃಂಗಾರಕ್ಕೆ ಮಹಾನವಮಿ ದಿಬ್ಬ ಮತ್ತು ಹಜಾರರಾಮ ದೇಗುಲದ ಗೋಡೆಗಳ ಉಬ್ಬುಶಿಲ್ಪ ನೋಡಿ. ಕೃತಕ ರೇಷ್ಮೆ ಬೆಳಕಿಗೆ ಪ್ಲಾಸ್ಟಿಕ್ಕಿನಂತೆ ಮಿನುಗುತ್ತದೆ, ಹತ್ತಿಯೇ ಮೇಲು. ರವಿಕೆಗೆ ಜಿಪ್, ಕಿವಿಗೆ ತಿರುಪು, ತೋಳಿಗೆ ಲಸಿಕೆಯ ಕಲೆ, ಮಣಿಕಟ್ಟಿಗೆ ಗಡಿಯಾರದ ಬಿಳಿ ಗುರುತು: ಪ್ರತಿ ಟೇಕಿಗೂ ಮುನ್ನ ಈ ನಾಲ್ಕನ್ನು ನೋಡಲು ಒಬ್ಬರನ್ನು ನೇಮಿಸಿ. ಪಲ್ಲಕ್ಕಿ, ಪೀಠ, ಮರದ ಒಡವೆಪೆಟ್ಟಿಗೆಗಳಿಗೆ ಕೊಪ್ಪಳದ ಕಿನ್ನಾಳದ ಚಿತ್ರಗಾರರಿದ್ದಾರೆ. ಹಗುರ ಮರದ ಮೇಲೆ ಅವರ ಬಣ್ಣ ತೆರೆಯಲ್ಲಿ ಬಲು ಚೆನ್ನಾಗಿ ಏಳುತ್ತದೆ. ಆರ್ಡರ್ ಮಾತ್ರ ತಿಂಗಳುಗಳ ಮೊದಲೇ ಕೊಡಿ.

ಎಂಟನೆಯ ಹಂತ: ಲೊಕೇಶನ್, ಅನುಮತಿ, ಬೆಳಕು

ಹಂಪಿಯ ಕಲ್ಲಿನ ರಥದ ಮುಂದೆ ಒಂದನೆಯ ದೇವರಾಯನನ್ನು ನಿಲ್ಲಿಸಬೇಡಿ, ಅದು 16ನೆಯ ಶತಮಾನದ್ದು. ಆನೆಗೊಂದಿಯ ಬಂಡೆಗಳು, ಕೋಟೆ ಬಾಗಿಲು, ನದಿದಂಡೆ ಯಾವ ಕಾಲಕ್ಕೂ ಹೊಂದುತ್ತವೆ. ಹರಿಗೋಲಿನ ದಾಟುವಿಕೆಗೆ ಇದೇ ಜಾಗ. ಬುಟ್ಟಿಯಂಥ, ಹೊರಗೆ ತೊಗಲು ಹೊದಿಸಿದ ದೋಣಿಗಳು ಹದಿನೈದಿಪ್ಪತ್ತು ಜನರನ್ನು ದಾಟಿಸುತ್ತಿದ್ದವೆಂದು ಪಾಯೆಸ್ ಬರೆದಿದ್ದಾನೆ. ಈಗಿನ ಹರಿಗೋಲುಗಳ ತಳಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಇರುತ್ತದೆ, ಹೊರಮೈಗೆ ಕಂದು ಗೋಣಿ ಸುತ್ತಿ. ನೀರಿನ ಮಟ್ಟ ಜಲಾಶಯದಿಂದ ಬಿಡುವುದರ ಮೇಲೆ ನಿಂತಿದೆ. ಒಂದೇ ದೃಶ್ಯವನ್ನು ಎರಡು ವಾರದ ಅಂತರದಲ್ಲಿ ತೆಗೆದರೆ ಬಂಡೆಗಳ ನೀರುಗೆರೆ ಬದಲಾಗಿ ಕಂಟಿನ್ಯೂಟಿ ಹೋಗುತ್ತದೆ.

ಸ್ಮಾರಕದ ಮುಂದಿನ ಫಲಕ ಓದಿ, ಅದು ಕೇಂದ್ರ ಪುರಾತತ್ವ ಇಲಾಖೆಯದೋ ರಾಜ್ಯದ್ದೋ ತಿಳಿದು ಆಯಾ ಕಚೇರಿಗೆ ಅರ್ಜಿ ಹಾಕಿ. ಆನೆಗೊಂದಿ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲೂ ಬರುತ್ತದೆ. ಕುದುರೆ, ಎತ್ತು ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಸ್ಮಾರಕದ ಕಲ್ಲಿಗೆ ಮೊಳೆ, ಅಂಟುಪಟ್ಟಿ, ಎಣ್ಣೆದೀಪ ಸೋಕಬಾರದು. ಪಂಜು ಬೇಕಿದ್ದ ದೃಶ್ಯಗಳನ್ನು ಸೆಟ್ಟಿನಲ್ಲೇ ತೆಗೆಯಿರಿ. ಮುದಗಲ್ಲಿನಲ್ಲಿ ಮೊಹರಂ ಬಹುದೊಡ್ಡ ಹಬ್ಬ, ದಿನ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಕ್ಯಾಲೆಂಡರ್ ನೋಡಿ ಆ ದಿನಗಳನ್ನು ಊರಿಗೇ ಬಿಟ್ಟುಕೊಡಿ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿ ಮೇಕಪ್ ಕರಗುತ್ತದೆ, ಕುದುರೆಗಳಿಗೂ ಅಪಾಯ. ಬೆಣಚುಬಂಡೆ ಬೆಳಕನ್ನು ಎಸೆಯುವುದರಿಂದ ಬೆಳಗಿನ 9.30ರ ಮೇಲೆ ಮುಖದ ಕೆಳಭಾಗ ಬೆಳ್ಳಗಾಗುತ್ತದೆ. ಹೊರಾಂಗಣವನ್ನು ಬೆಳಗ್ಗೆಯೂ 4ರ ನಂತರವೂ ಇಟ್ಟು, ನಡುಹಗಲನ್ನು ಮಂಟಪದೊಳಗಿನ ಮಾತುಕತೆಗೆ ಕೊಡಿ. ಶಕ್ತಿನಗರದ ಬಳಿ ಕೃಷ್ಣೆಯ ದಂಡೆಯಲ್ಲಿ ಉಷ್ಣಸ್ಥಾವರದ ಚಿಮಣಿಗಳು, ಕೊಪ್ಪಳದ ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಸಿಂಧನೂರಿನ ಸುತ್ತ ನಾಲೆ ನೀರಿನ ಭತ್ತದ ಹಸಿರು ಫ್ರೇಮಿಗೆ ಬರುತ್ತವೆ. 1406ರ ಮುದಗಲ್ಲಿಗೆ ಜೋಳದ ಹೊಲ ಬೇಕು.

5,000 ಕುದುರೆಗೆ ಎಂಟು ಸಾಕು. ದೂರದಿಂದ ಧೂಳು, ಹತ್ತಿರದಿಂದ ಗೊರಸು, ನಡುವೆ ಓಡುವ ಊರವರು. ಮಣ್ಣಿನ ಬಣ್ಣ ಮಾತ್ರ ನೋಡಿಕೊಳ್ಳಿ. ಮಸಾರಿಯ ಕೆಂಧೂಳು ಹತ್ತಿದ ಕಾಲು ಮುಂದಿನ ಶಾಟ್‌ನಲ್ಲಿ ಎರೆಹೊಲದ ಕಪ್ಪಿನಲ್ಲಿ ಓಡಿದರೆ ಈ ಕಡೆಯ ರೈತ ಒಂದೇ ನೋಟಕ್ಕೆ ಹಿಡಿಯುತ್ತಾನೆ.

ಕೊನೆಯ ಹಂತ: ಎಪಿಸೋಡಿನ ಕೊಯ್ತ

22 ನಿಮಿಷಕ್ಕೆ ಐದಾರು ದೃಶ್ಯ ಸಾಕು. ಬ್ರೇಕಿಗೆ ಮುನ್ನ ಝೂಮ್, ಸಿಡಿಲಿನ ಸದ್ದು ಬೇಡ. ಒಬ್ಬ ಪಾತ್ರಕ್ಕೆ ಹೊಸದೊಂದು ವಿಷಯ ತಿಳಿದ ಕ್ಷಣಕ್ಕೆ ಕತ್ತರಿಸಿ. ಮೊದಲ ಸೀಸನ್ ನಲವತ್ತು ಎಪಿಸೋಡ್ ಎಂದುಕೊಂಡರೆ ಬ್ರಾಹ್ಮಣ ಮುದಗಲ್ಲಿನಲ್ಲಿ ತಂಗುವುದಕ್ಕೆ ಎಂಟು, ವಿಜಯನಗರದ ಸಭೆ ಮತ್ತು ಸೋದರರ ಪಕ್ಷಗಳಿಗೆ ಹತ್ತು, ನಿರಾಕರಣೆಗೆ ಪೂರಾ ಎರಡು, ದಂಡು ಮತ್ತು ಓಟಕ್ಕೆ ಆರು, ಮುತ್ತಿಗೆ ಸಂಧಾನಕ್ಕೆ ಹತ್ತು, ಮದುವೆ ಬೀಳ್ಕೊಡುಗೆಗೆ ನಾಲ್ಕು. ಯುದ್ಧಕ್ಕೆ ಹೆಚ್ಚು ಕೊಡುವ ಆಸೆ ಬರುತ್ತದೆ. ಖರ್ಚು ಹೆಚ್ಚು, ನೋಡುಗರಿಗೆ ಉಳಿಯುವುದು ಕಡಿಮೆ. ಸಂಧಾನದ ಡೇರೆಯಲ್ಲಿ ಇಬ್ಬರು ಕೂತು ಬಂಕಾಪುರದ ಹೆಸರು ಹೇಳುವ ನಾಲ್ಕು ನಿಮಿಷಕ್ಕೆ ಅದೇ ಹಣದ ಕಾಲುಭಾಗ ಸಾಕು.

ಚಿತ್ರಕಥೆ ಮುಗಿದ ಮೇಲೆ ಪ್ರತಿ ದೃಶ್ಯದ ಅಂಚಿನಲ್ಲಿ 'ನೆಲ', 'ದಂಡು', 'ಹೊನ್ನು', 'ಮದುವೆ' ಎಂದು ಗುರುತು ಹಾಕುತ್ತ ಓದಿ. ಗುರುತೇ ಬೀಳದ ದೃಶ್ಯ ಎಷ್ಟೇ ಚಂದವಿದ್ದರೂ ತೆಗೆಯಿರಿ. ನಂತರ ಪೆರ್ತಾಳ್ ಇಲ್ಲದ ಎಪಿಸೋಡುಗಳನ್ನು ಎಣಿಸಿ. ಸತತವಾಗಿ ಮೂರಕ್ಕಿಂತ ಹೆಚ್ಚಾದರೆ ಎಲ್ಲೋ ಸಭೆಯ ಮಾತು ಉದ್ದವಾಗಿದೆ ಎಂದರ್ಥ. ಅಲ್ಲಿ ಒಂದು ದೃಶ್ಯ ಕತ್ತರಿಸಿ, ಓಡಿಹೋದ ಮನೆಯವರು ಯಾವ ಹಳ್ಳಿಯಲ್ಲಿ ಯಾರ ಹಟ್ಟಿಯಲ್ಲಿ ತಂಗಿದ್ದಾರೆ, ಏನು ಉಂಡರು, ಕುಲುಮೆಯ ಸಾಮಾನಿನಲ್ಲಿ ಯಾವುದನ್ನು ಹೊತ್ತು ತಂದರು ಎಂದು ತೋರಿಸಿ.